ಜಾಥಾ ಆಮೇಲೆ ಮಾಡಿ, ಮೊದಲು ಆ ಮನೆಗೆ ಹೋಗಿ ಬನ್ನಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ. ನಮ್ಮೂರಲ್ಲಿ ಹೆಚ್ಚುಕಡಿಮೆ ನಾನೂರು ಮನೆ. ಕಳೆದ ಒಂದು ವರ್ಷದಲ್ಲಿ ಮೂವರು ಆತ್ಮಹತ್ಯೆ ಮಾಡಿಕೊಂಡರು. ಒಬ್ಬ ರೈತ, ಮದುವೆಯಾಗಿ ನಾಲ್ಕು ವರ್ಷವಾಗಿದ್ದ ಒಬ್ಬ ಹೆಣ್ಣುಮಗಳು, ಪಿಯುಸಿ ಓದುತ್ತಿದ್ದ ಒಬ್ಬ ಹುಡುಗ. ಇನ್ನೊಬ್ಬ ಹುಡುಗ ಪ್ರಯತ್ನ ಮಾಡಿ ಉಳಿದುಕೊಂಡಿದ್ದಾನೆ, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ಆದರೆ ಆ ಮನೆಯವರು ಯಾರ ಜೊತೆಗೂ ಸೇರುತ್ತಿಲ್ಲ. ಜಾಗೃತಿ ಜಾಥಾ ಮಾಡೋಣ, ಯಾರಾದರೂ ಸ್ವಾಮೀಜಿಯವರಿಂದ ಪ್ರವಚನ ಇಡಿಸೋಣ ಅಂತ ಪಂಚಾಯ್ತಿಯಲ್ಲಿ ಮಾತಾಗಿದೆ, ಇಪ್ಪತ್ತು ಸಾವಿರ ಒಟ್ಟುಮಾಡಿದ್ದಾರೆ. ಇದರ ಬಗ್ಗೆ ಮಾತಾಡಿದರೆ ಸುಮ್ಮನಿದ್ದವರ ತಲೆಯಲ್ಲೂ ಹುಳ ಬಿಟ್ಟ ಹಾಗಾಗುತ್ತೆ ಅಂತ ಕೆಲವರು ಬೇಡ ಅಂತಾರೆ. ನಾವ್ಯಾರೂ ಡಾಕ್ಟರಲ್ಲ. ನಮ್ಮಿಂದ ಏನಾದರೂ ಆಗುತ್ತಾ?

ಉತ್ತರ: ಆಗುತ್ತೆ ಮೇಡಂ. ನಿಜ ಹೇಳಬೇಕೆಂದರೆ ನಮ್ಮಂಥ ಡಾಕ್ಟರುಗಳ ಕೈಯಲ್ಲಿ ಆಗದ ಕೆಲಸವೇ ಇಲ್ಲಿ ಜಾಸ್ತಿ. ನಾವು ನೋಡುವುದು ಓಪಿಡಿ ತನಕ ಬಂದವರನ್ನು ಮಾತ್ರ. ನೀವು ಬರೆದಿರುವ ಮೂವರಲ್ಲಿ ಒಬ್ಬರಾದರೂ ಮಾನಸಿಕ ಆರೋಗ್ಯದ ಓಪಿಡಿ ಮೆಟ್ಟಿಲು ಹತ್ತಿದ್ದರಾ? ಇರಲಾರದು.

ಜಾಥಾ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆಸ್ಪತ್ರೆಯಿಂದ ವಾಪಸ್ ಬಂದ ಹುಡುಗ. ಊರಲ್ಲಿ ಯಾರಿಗೆ ಅಪಾಯ ಹೆಚ್ಚು ಅಂತ ಯಾರಾದರೂ ಕೇಳಿದರೆ ಮೊದಲ ಉತ್ತರ ಅವನೇ. ಒಮ್ಮೆ ಪ್ರಯತ್ನ ಮಾಡಿದವರಲ್ಲಿ ಹೆಚ್ಚಿನವರು ಮತ್ತೆ ಆ ದಾರಿ ಹಿಡಿಯುವುದಿಲ್ಲ, ಇದು ನಿಜ. ಆದರೆ ಮತ್ತೆ ಪ್ರಯತ್ನ ಮಾಡುವವರಲ್ಲಿ ಬಹಳ ಮಂದಿಗೆ ಮೊದಲ ಕೆಲವು ತಿಂಗಳೇ ಗಂಡಾಂತರದ ಕಾಲ. ಅದೇ ಹೊತ್ತಲ್ಲಿ ಊರು ಅವರನ್ನು ದೂರ ಇಡುತ್ತೆ. ನಾಚಿಕೆಯಿಂದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಹೋದರೆ ಏನು ಮಾತಾಡೋದು ಅಂತ ಅಕ್ಕಪಕ್ಕದವರೂ ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿಸಿತ್ತು, ನಮ್ಮ ಚೆನ್ನೈ ಕೂಡ ಅದರಲ್ಲಿತ್ತು. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದಿದ್ದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಒಂದು ಗಂಟೆ ಕೂತು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಭೇಟಿ ಇಲ್ಲವೇ ಫೋನ್. 2008ರಲ್ಲಿ ಫಲಿತಾಂಶ ಬಂತು: ಎಂದಿನ ಚಿಕಿತ್ಸೆಯ ಗುಂಪಲ್ಲಿ ಆತ್ಮಹತ್ಯೆಯಿಂದ ಸತ್ತವರು 100ಕ್ಕೆ ಇಬ್ಬರಿಗಿಂತ ಸ್ವಲ್ಪ ಜಾಸ್ತಿ, ವಿಚಾರಿಸುತ್ತಿದ್ದ ಗುಂಪಲ್ಲಿ 1,000ಕ್ಕೆ ಇಬ್ಬರು. ಅಲ್ಲಿ ಭೇಟಿ ಮಾಡಿದವರು ತರಬೇತಾದ ಡಾಕ್ಟರು, ನರ್ಸು, ಮನಶ್ಶಾಸ್ತ್ರಜ್ಞರು. ಊರಲ್ಲಿ ಅಷ್ಟೇ ಫಲ ಸಿಗುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ಭೇಟಿಯ ಲೆಕ್ಕವನ್ನು ಹಾಗೇ ತಗೊಳ್ಳಬಹುದು: ಮನೆಗೆ ಬಂದ ಮೇಲೆ 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಒಂದು ಕ್ಯಾಲೆಂಡರ್ ತಗೊಂಡು ಗುರುತು ಹಾಕಿ. ಯಾರು ಹೋಗುತ್ತಾರೆ ಅಂತ ಒಂದೇ ಹೆಸರು ಬರೆಯಿರಿ, ಪ್ರತಿಸಲ ಬೇರೆ ಬೇರೆ ಮುಖ ಬೇಡ. ಮೂರು ಜನ ಗುಂಪಾಗಿ ಹೋಗಬೇಡಿ, ಪಂಚಾಯ್ತಿ ವಿಚಾರಣೆಗೆ ಬಂದ ಹಾಗೆ ಕಾಣುತ್ತೆ.

ಹೋದಾಗ ಏನು ಮಾತಾಡೋದು? "ಯಾಕಪ್ಪಾ ಹಿಂಗ ಮಾಡಿದಿ, ಅಪ್ಪ ಅವ್ವನ ಬಗ್ಗೆ ಯೋಚನೆ ಮಾಡಲಿಲ್ಲೇನು" ಅಂತ ಮಾತ್ರ ಶುರು ಮಾಡಬೇಡಿ. ಆ ಪ್ರಶ್ನೆ ಅವನಿಗೆ ಆಸ್ಪತ್ರೆಯ ಬೆಡ್ ಮೇಲೇ ಇಪ್ಪತ್ತು ಜನ ಕೇಳಿರುತ್ತಾರೆ. "ಊಟ ಸೇರಾಕತ್ತೈತೇನು? ರಾತ್ರಿ ನಿದ್ದಿ ಬರ್ತೈತೇನು?" ಇಷ್ಟರಿಂದ ಶುರು ಮಾಡಿ. ಸ್ವಲ್ಪ ಹೊತ್ತಾದ ಮೇಲೆ, ಮನೆಯವರು ಪಕ್ಕದಲ್ಲಿ ಇಲ್ಲದಾಗ, ನೇರವಾಗಿ ಕೇಳಿ: "ಈಗಲೂ ಜೀವಾನ ಬ್ಯಾಡ ಅನಸ್ತೈತೇನು?"

ಇಲ್ಲೇ ನಿಮ್ಮ ಊರವರ ಹೆದರಿಕೆಗೆ ಉತ್ತರ ಹೇಳಿಬಿಡುತ್ತೇನೆ. ಕೇಳಿದ್ದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಇದನ್ನು ಬಹಳ ಸಲ ಪರೀಕ್ಷೆ ಮಾಡಿ ನೋಡಿದ್ದಾರೆ. ಆ ಯೋಚನೆ ಇದ್ದವರು "ಅಬ್ಬಾ, ಒಬ್ಬರಾದರೂ ಕೇಳಿದರಲ್ಲ" ಅಂತ ಉಸಿರು ಬಿಡುತ್ತಾರೆ, ಇಲ್ಲದವರು "ಏ, ಹಂಗೇನಿಲ್ಲ ಬಿಡ್ರಿ" ಅಂತಾರೆ. ಹೌದು ಅಂದರೆ ಗಾಬರಿಯಾಗಬೇಡಿ, ಉಪದೇಶ ಶುರು ಮಾಡಬೇಡಿ, ಆಣೆ ಪ್ರಮಾಣ ಮಾಡಿಸಬೇಡಿ. "ಹೆಂಗ ಅಂತನೂ ಯೋಚನಿ ಮಾಡೀಯೇನು?" ಅಂತ ಕೇಳಿ. ಅದಕ್ಕೂ ಹೌದು ಅಂದರೆ ಆ ದಿನ ಅವರನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಮನೆಯ ಒಬ್ಬರಿಗೆ ಹೇಳಲೇಬೇಕು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಲು ಹೋಗಬೇಡಿ, "ನಿನ್ನ ಜೀವದ ವಿಷಯ ಬಿಟ್ಟು ಬೇರೆಲ್ಲ ನನ್ನ ಹತ್ತಿರಾನೇ ಇರ್ತೈತಿ" ಅಂತ ಮೊದಲೇ ಹೇಳಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಇಬ್ಬರೂ ಮಾತಾಡಿ. ಅದು ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಹತ್ತುವುದಿಲ್ಲ. ನಂಬರಿನ ಪೋಸ್ಟರ್ ಅಂಟಿಸಿ ಬಂದರೆ ಹಳ್ಳಿಯಲ್ಲಿ ಯಾರು ತಾವಾಗೇ ಫೋನ್ ಮಾಡುತ್ತಾರೆ ಹೇಳಿ? ಪಕ್ಕದಲ್ಲಿ ಕೂತು ಮಾಡಿಸಿದರೆ ಮಾಡುತ್ತಾರೆ. ಇದನ್ನು ಓದುತ್ತಿರುವ ಯಾರಿಗಾದರೂ ಈಗ ಹಾಗೇ ಅನ್ನಿಸುತ್ತಿದ್ದರೆ, ನಂಬರ್ ನಿಮಗೂ ಅದೇ.

ಇನ್ನು ಎರಡನೇ ವಿಷಯ, ಬೆಳೆಗೆ ಹೊಡೆಯುವ ಔಷಧಿ. ನಿಮ್ಮ ಕಡೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಹೊಡೆದು ಉಳಿದ ಅರ್ಧ ಬಾಟಲಿ ಎಲ್ಲಿರುತ್ತೆ? ಅಟ್ಟದ ಮೇಲೆ, ದನದ ಕೊಟ್ಟಿಗೆ ಗೂಡಲ್ಲಿ, ಕೆಲವು ಮನೆಯಲ್ಲಿ ಮಂಚದ ಕೆಳಗೆ. ಜಗಳ ಆದ ರಾತ್ರಿ ಕೈಗೆ ಸಿಗುವುದು ಅದೇ. ಹಳ್ಳಿಗಳಲ್ಲಿ ಬಹಳ ಪ್ರಯತ್ನಗಳು ವಾರಗಟ್ಟಲೆ ಯೋಚಿಸಿ ಆದವಲ್ಲ, ಸಿಟ್ಟು, ಅವಮಾನ, ಕುಡಿತ ಎಲ್ಲ ಸೇರಿದ ಅರ್ಧ ಗಂಟೆಯಲ್ಲಿ ಆದವು. ಆ ಅರ್ಧ ಗಂಟೆ ಕೈಗೆ ಸಿಗದ ಹಾಗೆ ಮಾಡಿದರೆ ಬಹಳ ಜೀವ ಉಳಿಯುತ್ತವೆ. ಸಾಯಲೇಬೇಕು ಅಂದವನು ಬೇರೆ ದಾರಿ ಹುಡುಕುತ್ತಾನೆ ಬಿಡಿ ಅನ್ನುವವರು ನಿಮ್ಮ ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಶ್ರೀಲಂಕಾದ ವಿಷಯ ಹೇಳಿ. ಅಲ್ಲಿನ ಸರ್ಕಾರ ತೀರಾ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧ ಮಾಡುತ್ತಾ ಬಂತು. 1995ರಿಂದ ಮುಂದಿನ ಇಪ್ಪತ್ತು ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಸುಮಾರು 70 ಪರ್ಸೆಂಟ್ ಇಳಿಯಿತು, ಬೆಳೆಯ ಇಳುವರಿಗೆ ಏಟು ಬೀಳಲಿಲ್ಲ. ಜನ ಬೇರೆ ದಾರಿ ಹುಡುಕಿದ್ದರೆ ಲೆಕ್ಕ ಇಷ್ಟು ಇಳಿಯುತ್ತಿತ್ತಾ?

ನಿಷೇಧ ನಿಮ್ಮ ಪಂಚಾಯ್ತಿ ಕೈಯಲ್ಲಿಲ್ಲ, ಗೊತ್ತು. ಆದರೆ ಶ್ರೀಲಂಕಾದಿಂದಲೇ ಬಂದ ಇನ್ನೊಂದು ಪಾಠ ನಿಮಗೆ ಬೇಕು. 180 ಹಳ್ಳಿಗಳಲ್ಲಿ ಅರ್ಧದಷ್ಟು ಹಳ್ಳಿಗೆ, ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಬಂದ ಫಲಿತಾಂಶ ನೋಡಿದರೆ ಪೆಟ್ಟಿಗೆ ಕೊಟ್ಟ ಊರಿಗೂ ಕೊಡದ ಊರಿಗೂ ವ್ಯತ್ಯಾಸವೇ ಕಾಣಲಿಲ್ಲ. ನನಗನ್ನಿಸುವುದು ಇಷ್ಟೇ, ಬೀಗ ಮನೆಯಲ್ಲಿ, ಬೀಗದ ಕೈ ಗೋಡೆಯ ಮೊಳೆಗೆ ನೇತುಹಾಕಿದರೆ ಏನು ಪ್ರಯೋಜನ? ಹಾಗಾಗಿ ಯಾವುದಾದರೂ ಕಂಪನಿ ಬಂದು ಮನೆಗೊಂದು ಪೆಟ್ಟಿಗೆ ಹಂಚುತ್ತೇವೆ, ಫೋಟೋ ತೆಗೆಸಿಕೊಳ್ಳೋಣ ಅಂದರೆ ಅಷ್ಟು ಖುಷಿಪಡಬೇಡಿ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಬೇರೆ ರೀತಿ ಮಾಡಿದ್ದರು. ಆತ್ಮಹತ್ಯೆ ತಡೆಯಲು ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆ ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ಅವರ ತಂಡ, ಎರಡು ಹಳ್ಳಿಗಳಲ್ಲಿ ಊರಿಗೆ ಒಂದು ಸಾಮೂಹಿಕ ಕೋಣೆ ಮಾಡಿ ಅದರಲ್ಲಿ ರೈತರಿಗೆ ಲಾಕರ್ ಕೊಟ್ಟಿತು. ಔಷಧಿ ಮನೆಗೆ ಹೋಗುವುದೇ ಇಲ್ಲ, ಹೊಡೆಯುವ ದಿನ ತಗೊಂಡು ಹೋಗಿ ಉಳಿದದ್ದನ್ನು ವಾಪಸ್ ಇಡುವುದು. ಆ ಊರುಗಳಲ್ಲಿ ಔಷಧಿ ಕುಡಿಯುವುದು ಕಡಿಮೆಯಾಯಿತು. ಸಣ್ಣ ಅಧ್ಯಯನ, ಇದೊಂದರಿಂದಲೇ ಎಲ್ಲ ಆಗುತ್ತೆ ಅಂತ ಹೇಳಲು ಬರುವುದಿಲ್ಲ, ಆದರೆ ದಾರಿ ಸರಿಯಾಗಿದೆ.

ನಿಮ್ಮೂರಲ್ಲಿ ಸೊಸೈಟಿ ಗೋದಾಮು ಇದ್ದರೆ ಒಂದು ಮೂಲೆ ಕೇಳಿ ನೋಡಿ. ಬೆಳಿಗ್ಗೆ ಆರಕ್ಕೇ ತೆರೆಯುವವರು ಬೇಕು, ಇಲ್ಲದಿದ್ದರೆ ರೈತರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ಅದಾಗುವ ತನಕ ಒಂದೇ ಮಾತು: ಉಳಿಯುವಷ್ಟು ತರಬೇಡಿ, ತಂದದ್ದನ್ನು ಮನೆಯೊಳಗೆ ಇಡಬೇಡಿ. ಗೊಬ್ಬರದ ಅಂಗಡಿಯವರನ್ನೂ ಕರೆದು ಮಾತಾಡಿ. ಚಿಕ್ಕ ಹುಡುಗರ ಕೈಗೆ, ಕುಡಿದು ಬಂದವರ ಕೈಗೆ, ಹೊಲವೇ ಇಲ್ಲದವರ ಕೈಗೆ ಕೊಡಬೇಡಿ, "ನಾಳಿ ಬಾ, ಸ್ಟಾಕ್ ಇಲ್ಲ" ಅಂತ ಹೇಳಿ ಕಳಿಸಿ, ಸಂಶಯ ಬಂದರೆ ನಮಗೊಂದು ಫೋನ್ ಮಾಡಿ ಅಂತ. ಆ ವಾಪಸ್ ಬಂದ ಹುಡುಗನ ಮನೆಯಲ್ಲಂತೂ ಇವತ್ತೇ ಔಷಧಿ ಇದ್ದರೆ ಆಚೆ ಸಾಗಿಸಿ.

ಯಾರಾದರೂ ಕುಡಿದೇಬಿಟ್ಟರೆ ಏನು ಮಾಡಬೇಕು ಅನ್ನುವುದು ಊರಿನ ಪ್ರತಿ ಮನೆಗೂ ಗೊತ್ತಿರಬೇಕು. ಉಪ್ಪುನೀರು, ಸೋಪಿನ ನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಹೋಗಿ ಇನ್ನೂ ಕೆಡುತ್ತೆ. ಎಚ್ಚರ ತಪ್ಪಿದ್ದರೆ ಎಡಮಗ್ಗುಲಾಗಿ ಮಲಗಿಸಿ, ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ನೀರು ಹಾಕಿ, 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ. ನೋಡಲು ಆರಾಮಾಗಿದ್ದಾನೆ ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಎಷ್ಟೋ ಮನೆಯವರು ಆಸ್ಪತ್ರೆಯಲ್ಲಿ "ಹೊಡೆಯುವಾಗ ಗಾಳಿಗೆ ಮುಖಕ್ಕೆ ಬಡೀತು" ಅಂತ ಹೇಳುತ್ತಾರೆ. ಆಗ ಡಾಕ್ಟರಿಗೆ ಎಷ್ಟು ಹೋಗಿದೆ ಅಂತ ಗೊತ್ತಾಗುವುದಿಲ್ಲ, ಮನೋವೈದ್ಯರ ಹತ್ತಿರ ಕಳಿಸುವ ಪ್ರಶ್ನೆಯೂ ಬರುವುದಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ, ಬರೆಯುತ್ತಾರೆ, ಪೊಲೀಸರು ಬಂದು ಹೇಳಿಕೆ ತಗೊಳ್ಳಬಹುದು, ಅಷ್ಟೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವಂತಿಲ್ಲ, ಬದಲಿಗೆ ಚಿಕಿತ್ಸೆ ಮತ್ತು ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. ಪ್ರಯತ್ನವನ್ನೇ ಅಪರಾಧ ಅನ್ನುತ್ತಿದ್ದ ಹಳೆಯ ಐಪಿಸಿ 309 ಕೂಡ 2024ರ ಜುಲೈನಲ್ಲಿ ಹೊಸ ನ್ಯಾಯ ಸಂಹಿತೆ ಬಂದಾಗ ಹೋಯಿತು. ಇದನ್ನು ಆ ಹುಡುಗನ ಅಪ್ಪನಿಗೆ ಕೂರಿಸಿಕೊಂಡು ಹೇಳಿ. ಬಾಗಿಲು ಹಾಕಿಕೊಂಡಿರುವುದಕ್ಕೆ ಅರ್ಧ ಕಾರಣ ಈ ಹೆದರಿಕೆಯೇ ಇರಬಹುದು.

ಚಿಕಿತ್ಸೆಗೆ ಎಲ್ಲಿ ಹೋಗುವುದು? ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಮಾತ್ರೆ ಅಲ್ಲೇ ಕೊಡುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಪಿಎಚ್‌ಸಿಯಲ್ಲಿ ಕೇಳಿ, ಸುಮ್ನೆ ಬಸ್ಸು ಹತ್ತಿಸಿ ಕಳಿಸಬೇಡಿ. ಇನ್ನೂ ಹೆಚ್ಚಿನದು ಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಮೊದಲ ಸಲ ಯಾರಾದರೂ ಜೊತೆಗೆ ಹೋಗಬೇಕು. ಚೀಟಿ ಎಲ್ಲಿ ಮಾಡಿಸಬೇಕು, ಎಷ್ಟು ಹೊತ್ತು ಕಾಯಬೇಕು ಗೊತ್ತಿಲ್ಲದೆ, ಯಾರಾದರೂ ಗುರುತಿನವರು ನೋಡಿಬಿಟ್ಟರೆ ಅಂತ ಹೆದರಿ, ಗೇಟಿನಿಂದಲೇ ವಾಪಸ್ ಬಂದವರು ಬಹಳ.

ನಿಮ್ಮೂರಿನ ಮೂರೂ ಸಾವಿಗೆ ಒಂದೇ ಮದ್ದಿಲ್ಲ ಅನ್ನುವುದನ್ನೂ ಹೇಳಬೇಕು. ಹಳ್ಳಿಯ ಆತ್ಮಹತ್ಯೆ ಅಂದ ಕೂಡಲೇ ಪೇಪರಿನವರಿಗೂ ಅಧಿಕಾರಿಗಳಿಗೂ ಸಾಲಗಾರ ರೈತನೊಬ್ಬನೇ ಕಣ್ಣಿಗೆ ಬರುತ್ತಾನೆ. 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಲೆಕ್ಕದಲ್ಲಿ ಕರ್ನಾಟಕದಲ್ಲಿ 13,606 ಆತ್ಮಹತ್ಯೆ, ಅದರಲ್ಲಿ ರೈತರು, ಕೃಷಿ ಕೂಲಿಯವರು ಸೇರಿ 2,392. ನೂರಕ್ಕೆ ಹದಿನೆಂಟು. ಉಳಿದವರು ಯಾರು? ಮನೆಯೊಳಗಿನ ಹೆಣ್ಣುಮಕ್ಕಳು, ದಿನಗೂಲಿಯವರು, ಓದುವ ಮಕ್ಕಳು, ವಯಸ್ಸಾಗಿ ಕಾಯಿಲೆ ಬಿದ್ದವರು. ಹೊಲದಲ್ಲಿ ಗಂಡನಷ್ಟೇ ದುಡಿಯುವ ಹೆಂಡತಿಯನ್ನು ಪಹಣಿಯಲ್ಲಿ ಹೆಸರಿಲ್ಲ ಅಂತ ರೈತಳು ಅಂತ ಬರೆಯುವುದೇ ಅಪರೂಪ, ಅದು ಬೇರೆ ವಿಷಯ. ಇಡೀ ದೇಶದಲ್ಲಿ ಅದೇ ವರ್ಷ ಹೆಚ್ಚು ಬರೆದ ಕಾರಣ ಕೌಟುಂಬಿಕ ಸಮಸ್ಯೆ, 31.7 ಪರ್ಸೆಂಟ್, ಆಮೇಲೆ ಕಾಯಿಲೆ, 18.4. ಪೊಲೀಸರು ಒಂದು ಕಾಲಮ್ಮಿನಲ್ಲಿ ಬರೆಯುವ ಕಾರಣ ಎಷ್ಟು ಪೂರ್ತಿ ಅನ್ನುವುದು ಬೇರೆ, ಆದರೆ ದಿಕ್ಕು ಗೊತ್ತಾಗುತ್ತೆ.

ಆ ಹೆಣ್ಣುಮಗಳಂಥವರ ಹತ್ತಿರ ನೀವು ಹೋಗುವುದು ಸುಲಭ, ಗಂಡಸರಿಗೆ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ, ಹೆರಿಗೆ ಆದ ವರ್ಷದಲ್ಲಿ, ಗಂಡನ ಕುಡಿತ ಹೊಡೆತ ಇರುವ ಮನೆಯಲ್ಲಿ ವಿಚಾರಿಸುತ್ತಿರಿ. ತವರಿಗೆ ಫೋನ್ ಮಾಡುವುದನ್ನೂ ಅತ್ತೆಮನೆಯವರು ನಿಲ್ಲಿಸಿದ್ದರೆ ಅದು ದೊಡ್ಡ ಸೂಚನೆ. ಇಂಥ ಕಡೆ ಸಮಾಧಾನದ ಮಾತು ಸಾಲದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್, ನೊಂದ ಹೆಣ್ಣುಮಕ್ಕಳಿಗಾಗಿ ಇರುವ ಸಖಿ ಕೇಂದ್ರ, ತಾಲೂಕಿನ ಉಚಿತ ಕಾನೂನು ನೆರವು ಬೇಕಾಗುತ್ತೆ. "ಹೊಂದಿಕೊಂಡು ಹೋಗವ್ವಾ" ಅಂತ ಪಂಚಾಯ್ತಿ ಮಾಡಿ ಕಳಿಸಿದ ಕೆಲವರನ್ನು ನಾವು ಆಮೇಲೆ ಐಸಿಯುನಲ್ಲಿ ನೋಡುತ್ತೇವೆ.

ಸಾಲದ ವಿಷಯ ಬಂದರೆ, ಮನೆ ಮುಂದೆ ಬಂದು ಮರ್ಯಾದೆ ತೆಗೆಯುವ ವಸೂಲಿಗೆ ಕಡಿವಾಣ ಹಾಕಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಜೈಲು ಶಿಕ್ಷೆಯೂ ಇದೆ. ಆದರೆ ಸಂಘದಲ್ಲಿ ಒಬ್ಬಳು ಕಂತು ಕಟ್ಟದಿದ್ದರೆ ಉಳಿದ ಹೆಂಗಸರೇ ಅವಳ ಮನೆ ಮುಂದೆ ಕೂರುವುದಿದೆಯಲ್ಲ, ಅದನ್ನು ಕಾನೂನು ಬಂದು ಬಿಡಿಸುವುದಿಲ್ಲ. ಸಂಘದ ಪ್ರತಿನಿಧಿಗಳನ್ನು ಕೂರಿಸಿ ನೀವೇ ಮಾತಾಡಬೇಕು.

ಪಿಯುಸಿ ಮಕ್ಕಳಿಗೆ: ಈಗ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು ಅಂತ ಅಪ್ಪ ಅಮ್ಮಂದಿರಿಗೆ ಫಲಿತಾಂಶದ ಹಿಂದಿನ ದಿನವೇ ಹೇಳಿಸಿ, ಆ ರಾತ್ರಿ ಮಕ್ಕಳನ್ನು ಒಬ್ಬರೇ ಬಿಡಬೇಡಿ.

ಯಾರು ಈ ಕೆಲಸ ಮಾಡುವುದು? ಎಲ್ಲರೂ ಆಶಾ ಕಾರ್ಯಕರ್ತೆಯ ಕಡೆ ಕೈ ತೋರಿಸುತ್ತಾರೆ. ಪಾಪ, ಅವರ ಹೆಗಲ ಮೇಲೆ ಈಗಲೇ ಇರುವುದು ಸಾಕು. ಅವರು ಇರಲಿ, ಜೊತೆಗೆ ಊರವರು ಈಗಾಗಲೇ ಮನಸ್ಸು ಬಿಚ್ಚಿ ಮಾತಾಡುವ ನಾಲ್ಕೈದು ಜನರನ್ನು ಹುಡುಕಿ. ಹಿಟ್ಟಿನ ಗಿರಣಿಯಾಕೆ ಇರಬಹುದು, ಹಾಲಿನ ಡೈರಿಯವರು, ಕಟಿಂಗ್ ಅಂಗಡಿಯವರು, ನಿವೃತ್ತ ಮಾಸ್ತರರು. ಒಂದೊಂದು ಕೇರಿಯಿಂದಲೂ ಒಬ್ಬರು ಬೇಕು, ಮೇಲಿನ ಓಣಿಯವರು ಬಂದು ಕೇಳಿದರೆ ದಲಿತರ ಕೇರಿಯವರು ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಬಾಯಿ ಬಿಗಿ ಇರುವವರು ಬೇಕು, ಇದೊಂದು ಗುಣ ಇಲ್ಲದಿದ್ದರೆ ಬೇರೆ ಎಷ್ಟು ಒಳ್ಳೆಯವರಾದರೂ ಬೇಡ. ಡಾಕ್ಟರಲ್ಲದವರಿಂದ ಆಗುತ್ತಾ ಅಂದಿರಲ್ಲ, ವಿದರ್ಭದ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ಸ್ಥಳೀಯರಿಗೇ ತರಬೇತಿ ಕೊಟ್ಟು 'ವಿಶ್ರಾಮ್' ಅಂತ ಕಾರ್ಯಕ್ರಮ ಮಾಡಿದ್ದರು. ಖಿನ್ನತೆ ಇದ್ದವರಲ್ಲಿ ಸಹಾಯ ಕೇಳಿ ಬರುತ್ತಿದ್ದವರು ನೂರಕ್ಕೆ ನಾಲ್ವರಿದ್ದದ್ದು ಇಪ್ಪತ್ತೇಳಕ್ಕೆ ಏರಿತು. ನಮ್ಮಲ್ಲೂ ಚನ್ನಪಟ್ಟಣ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು 'ಸುರಕ್ಷಾ' ಅಂತ ಊರವರನ್ನೇ ಸೇರಿಸಿಕೊಂಡು ಕಾರ್ಯಕ್ರಮ ಶುರು ಮಾಡಿದ್ದರು. ತರಬೇತಿಗೆ ನಿಮ್ಮ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಚೇರಿಗೆ ಪಂಚಾಯ್ತಿ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಿರಿ, ಒಂದು ದಿನ ಬಂದು ಹೇಳಿಕೊಡಿ ಅಂತ.

ಈಗ ಜಾಥಾ. ಮಾಡಲೇಬೇಕು ಅಂದರೆ ಮಾಡಿ, ಆದರೆ "ಆತ್ಮಹತ್ಯೆ ಮಹಾಪಾಪ", "ಹೇಡಿಗಳ ಕೆಲಸ" ಅಂತ ಬೋರ್ಡ್ ಹಿಡಿಸಬೇಡಿ. ಅದನ್ನು ಓದುವವರಲ್ಲಿ ಆ ಮೂರು ಮನೆಯವರೂ ಇರುತ್ತಾರೆ, ಆ ಹುಡುಗನೂ ಇರುತ್ತಾನೆ. ಪಾಪ ಅಂತ ಗೊತ್ತಾದ ಮೇಲೆ ಯಾರು ಬಂದು ನನಗೂ ಹಾಗನ್ನಿಸುತ್ತಿದೆ ಅಂತ ಹೇಳುತ್ತಾರೆ? ಸ್ವಾಮೀಜಿಯವರು ಬಂದರೆ ಒಳ್ಳೆಯದೇ, ಅವರ ಮಾತಿಗೆ ಊರಲ್ಲಿ ತೂಕ ಇದೆ. ಮೊದಲೇ ಹೋಗಿ ಕೇಳಿಕೊಳ್ಳಿ: ಪಾಪದ ಮಾತು ಬೇಡ, ಕಷ್ಟ ಹೇಳಿಕೊಂಡರೆ ಮರ್ಯಾದೆ ಹೋಗಲ್ಲ, ಮಾತ್ರೆ ತಗೊಂಡರೆ ಹುಚ್ಚು ಅಂತ ಅರ್ಥ ಅಲ್ಲ, ಇಷ್ಟು ಹೇಳಿ ಬುದ್ಧಿ ಅಂತ. ಇನ್ನೊಂದು, ಸತ್ತ ಹುಡುಗನ ದೊಡ್ಡ ಫೋಟೋ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ನಿಲ್ಲಿಸುವುದು, ವಾಟ್ಸಾಪಿನಲ್ಲಿ ಕೊನೆಯ ಪತ್ರ ಹಂಚುವುದು, ಹಾಡು ಹಾಕಿ ಸ್ಟೇಟಸ್ ಮಾಡುವುದು ನಿಲ್ಲಬೇಕು. ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಅದನ್ನು ನೋಡುತ್ತಾ, ನನಗೂ ಹಿಂಗೇ ಅಳುತ್ತಾರಾ ಅಂತ ಯೋಚಿಸುತ್ತಿರುತ್ತಾನೆ. ಗ್ರೂಪಿನ ಅಡ್ಮಿನ್‌ಗಳಿಗೆ ಇಷ್ಟು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಮೂರು ಮನೆಗಳನ್ನು ಮರೆಯಬೇಡಿ. ರೈತನ ಮನೆಗೆ 5 ಲಕ್ಷ ಪರಿಹಾರದ ಅರ್ಜಿ ಹೋಗಿದೆಯಾ, ಅವನ ಹೆಂಡತಿಗೆ ವಿಧವಾ ವೇತನ ಶುರುವಾಗಿದೆಯಾ ನೋಡಿ, ಕಾಗದಪತ್ರಕ್ಕೆ ಯಾರಾದರೂ ಜೊತೆಗೆ ಓಡಾಡಿ. ಹೆಣ್ಣುಮಗಳ ತವರಿಗೂ, ಹುಡುಗನ ಮನೆಗೂ ಪರಿಹಾರದ ಅಧಿಕಾರಿಯೂ ಬರಲ್ಲ, ಪೇಪರಿನವರೂ ಬರಲ್ಲ. ನೀವಾದರೂ ಹೋಗಿ. ಕಾರಣ ಕೇಳಬೇಡಿ, ಹಬ್ಬಕ್ಕೆ ಕರೆಯಿರಿ.

ಇಪ್ಪತ್ತು ಸಾವಿರ ಹೇಗೆ ಖರ್ಚು ಮಾಡಲಿ ಅಂತ ನನ್ನನ್ನು ಕೇಳಿದರೆ: ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗಿ ಬರುವ ಆಟೋ ಬಾಡಿಗೆಗೆ, ಜೊತೆಗೆ ಹೋಗುವವರ ಆ ದಿನದ ಕೂಲಿಗೆ ಹೆಚ್ಚಿನ ಪಾಲು ಇಡಿ. ಉಳಿದದ್ದು ಸೊಸೈಟಿ ಗೋದಾಮಿನ ಲಾಕರಿಗೆ. ಶಾಮಿಯಾನ, ಮೈಕು, ಶಾಲಿಗೆ ಏನೂ ಉಳಿಯುವುದಿಲ್ಲ, ಸಭೆಯಲ್ಲಿ ಇದಕ್ಕೆ ಜಗಳ ಆಗುತ್ತೆ. ಆಗಲಿ ಬಿಡಿ.